ಆಟೋಟದಿಂದ ದೂರ ಉಳಿದ ಶಾಲಾ ಮಕ್ಕಳ ದೈಹಿಕ ಕ್ಷಮತೆ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೈಹಿಕ ಶಿಕ್ಷಕರು, ತರಗತಿ ಶಿಕ್ಷಕರು ಮತ್ತು ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಆಟದ ತಂಡಕ್ಕೆ ಮಕ್ಕಳನ್ನು ಆರಿಸುವವರಿಗೆ ಇದರಿಂದ ಉಪಯೋಗ ಕಡಿಮೆ. ಓಟ ಎಂದರೆ ಹಿಂದೆ ಸರಿಯುವ, ಆಟದ ಪೀರಿಯಡ್‌ನಲ್ಲಿ ಗೋಡೆಗೆ ಒರಗಿ ನಿಲ್ಲುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ದೈಹಿಕ ಚಟುವಟಿಕೆ, ದೈಹಿಕ ಕ್ಷಮತೆ ಎರಡೂ ಒಂದೇ ಅಲ್ಲವೇ?

ಅಲ್ಲ. ಮಗು ದಿನವಿಡೀ ಎಷ್ಟು ಓಡಾಡುತ್ತದೆ ಎಂಬುದು ಚಟುವಟಿಕೆ. ಅದರ ಹೃದಯ, ಶ್ವಾಸಕೋಶ, ಸ್ನಾಯುಗಳು ಎಷ್ಟು ಕೆಲಸ ತಡೆದುಕೊಳ್ಳಬಲ್ಲವು ಎಂಬುದು ಕ್ಷಮತೆ. ಮೊದಲನೆಯದನ್ನು ಹೆಜ್ಜೆ ಎಣಿಸುವ ಸಾಧನ, ಸೊಂಟಕ್ಕೋ ಮಣಿಕಟ್ಟಿಗೋ ಕಟ್ಟುವ ಆಕ್ಸೆಲರೋಮೀಟರ್ (ಚಲನೆಯನ್ನು ದಾಖಲಿಸುವ ಸಾಧನ) ಅಥವಾ ಪ್ರಶ್ನಾವಳಿಯಿಂದ ತಿಳಿಯುತ್ತೇವೆ. ಎರಡನೆಯದಕ್ಕೆ ಮಗುವನ್ನು ಓಡಿಸಬೇಕು, ಜಿಗಿಸಬೇಕು, ಹಿಡಿದು ಅಮುಕಿಸಬೇಕು.

ಎರಡಕ್ಕೂ ನಂಟಿದೆ, ಆದರೆ ಅಷ್ಟೇನೂ ಬಿಗಿಯಾದ ನಂಟಲ್ಲ. ಕ್ಷಮತೆಯಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು. ಬೆಳವಣಿಗೆಯ ಹಂತದ ಪಾಲೂ ಇದೆ. ದಿನವಿಡೀ ಕೂತೇ ಇರುವ ಹುಡುಗನೊಬ್ಬ ಚೆನ್ನಾಗಿ ಓಡಿಬಿಡಬಹುದು. ದಿನಾ ಆಡುವ ಹುಡುಗಿ ಸಾಧಾರಣ ಫಲಿತಾಂಶ ತರಬಹುದು. ಆದ್ದರಿಂದ ಕ್ಷಮತೆಯ ಅಂಕಿ ನೋಡಿ ‘ಇವನು ಸೋಮಾರಿ’ ಎಂದು ತೀರ್ಮಾನಿಸುವುದು ತಪ್ಪು. ಅಂಕಿ ಚೆನ್ನಾಗಿದೆ ಎಂದು ಕೂತ ಮಗುವನ್ನು ಕೂತಂತೆಯೇ ಬಿಡುವುದೂ ಅಷ್ಟೇ ತಪ್ಪು.

ಯಾವ ಮಗುವನ್ನು ‘ಚಟುವಟಿಕೆ ಕಡಿಮೆ’ ಎನ್ನಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ವಾರದುದ್ದಕ್ಕೂ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಜೋರಾಗಿ ಏದುಸಿರು ಬರಿಸುವ, ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಆಟಗಳೂ ಸೇರಿರಬೇಕು. ಇದನ್ನು ಮುಟ್ಟದವರು ಒಬ್ಬಿಬ್ಬರಲ್ಲ. 146 ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, 2016ರಲ್ಲಿ 11ರಿಂದ 17 ವರ್ಷದವರ ಪೈಕಿ ಶೇ. 81ರಷ್ಟು ಮಂದಿ ಸಾಕಷ್ಟು ಚಟುವಟಿಕೆಯಿಂದ ಇರಲಿಲ್ಲ. ಹುಡುಗಿಯರಲ್ಲಿ ಇದು ಶೇ. 85, ಹುಡುಗರಲ್ಲಿ ಶೇ. 78.

ಅಂದರೆ ಈ ಬರಹ ತರಗತಿಯ ಮೂಲೆಯಲ್ಲಿರುವ ನಾಲ್ಕು ಮಕ್ಕಳ ಕುರಿತದ್ದಲ್ಲ, ತರಗತಿಯ ಬಹುಪಾಲು ಮಕ್ಕಳ ಕುರಿತದ್ದು.

ಮಗು ಆರೋಗ್ಯವಾಗೇ ಇದೆ. ಅಳೆಯುವುದು ಯಾಕೆ?

ಹೃದಯ ಮತ್ತು ಶ್ವಾಸಕೋಶದ ಕ್ಷಮತೆ ಕಡಿಮೆಯಿರುವ ಮಕ್ಕಳಲ್ಲಿ ರಕ್ತದೊತ್ತಡ, ರಕ್ತದ ಕೊಬ್ಬು, ಇನ್ಸುಲಿನ್‌ನ ಏರುಪೇರು ಹೆಚ್ಚಾಗಿ ಕಾಣುತ್ತವೆ. ಸ್ವೀಡನ್ನಿನಲ್ಲಿ ಸೇನಾ ತಪಾಸಣೆಗೆ ಬಂದ 10 ಲಕ್ಷಕ್ಕೂ ಹೆಚ್ಚು ಹದಿಹರೆಯದ ಗಂಡುಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹದಿಹರೆಯದಲ್ಲಿ ಸ್ನಾಯುಬಲ ಕಡಿಮೆಯಿದ್ದವರಲ್ಲಿ ಅಕಾಲಿಕ ಸಾವು ಹೆಚ್ಚಿತ್ತು, ದೇಹದ ತೂಕದ ಲೆಕ್ಕವನ್ನು ಬದಿಗಿಟ್ಟ ಮೇಲೂ. ಇದು ನಂಟಿನ ಮಾತು, ಬಲ ಕಡಿಮೆಯಿರುವುದೇ ಸಾವಿಗೆ ಕಾರಣ ಎಂಬ ಸಾಬೀತು ಅಲ್ಲ. ಆದರೂ ಪಕ್ಕಕ್ಕೆ ತಳ್ಳುವಂಥ ಸಂಗತಿಯಲ್ಲ.

ಇನ್ನೊಂದು ಕಾರಣ ಹೆಚ್ಚು ಹತ್ತಿರದ್ದು. ಓಡಿದರೆ ತನಗೆ ಏನಾಗುತ್ತದೆ ಎಂಬುದು ಓಡದ ಮಗುವಿಗೆ ಗೊತ್ತೇ ಇರುವುದಿಲ್ಲ. ಮೊದಲ ಅಳತೆಯಲ್ಲಿ ಅದಕ್ಕೆ ತನ್ನ ದೇಹದ ಪರಿಚಯವಾಗುತ್ತದೆ.

ಎಷ್ಟು ಪರೀಕ್ಷೆ ಮಾಡಿಸಬೇಕು?

ನಾಲ್ಕು ಸಾಕು: ದಮ್ಮಿಗೆ 20 ಮೀಟರ್ ಶಟಲ್ ಓಟ, ಕಾಲಿನ ಕಸುವಿಗೆ ನಿಂತಲ್ಲಿಂದ ಉದ್ದ ಜಿಗಿತ, ಕೈಬಲಕ್ಕೆ ಹಿಡಿತದ ಅಳತೆ, ದೇಹದ ಗಾತ್ರಕ್ಕೆ ಎತ್ತರ, ತೂಕ ಮತ್ತು ಸೊಂಟದ ಸುತ್ತಳತೆ. ಯುರೋಪಿನಲ್ಲಿ ರೂಪುಗೊಂಡ ಆಲ್ಫಾ ಪರೀಕ್ಷಾ ಸರಣಿಯ ತಿರುಳೂ ಹೆಚ್ಚುಕಡಿಮೆ ಇದೇ. ಸಮಯವಿದ್ದರೆ ಚುರುಕುತನ ನೋಡಲು 4×10 ಮೀಟರ್ ಓಟ ಸೇರಿಸಿಕೊಳ್ಳಬಹುದು. 1988ರ ಯೂರೋಫಿಟ್ ಸರಣಿಯಲ್ಲಿ ಒಂಟಿಕಾಲಿನ ಸಮತೋಲನ, ತಟ್ಟೆ ತಟ್ಟುವುದು, ಕೈಮಡಿಸಿ ಕಂಬಿಗೆ ಜೋತುಬೀಳುವುದು ಎಲ್ಲವೂ ಇದ್ದವು. ಪಟ್ಟಿ ಉದ್ದವಾದಷ್ಟೂ ಓಡದ ಮಗುವಿಗೆ ಸೋಲುವ ಅವಕಾಶ ಹೆಚ್ಚು. ಹಾಗಾಗಿ ನನ್ನ ಒಲವು ಚಿಕ್ಕ ಪಟ್ಟಿಯ ಕಡೆಗೆ.

ಯಾವುದನ್ನು ಮೊದಲು ಮಾಡಿಸುತ್ತೀರಿ ಎಂಬುದು ಮುಖ್ಯ. ಹಿಡಿತದ ಬಲದಿಂದ ಶುರುಮಾಡಿ. ಮೈತೂಕ ಹೆಚ್ಚಿರುವ ಮಕ್ಕಳು ಇದರಲ್ಲಿ ಎಷ್ಟೋ ಸಲ ತರಗತಿಗೇ ಮುಂದಿರುತ್ತಾರೆ. ತನಗೂ ಒಂದು ಕಸುವಿದೆ ಎಂದು ಕಂಡುಕೊಂಡ ಮಗು ಮುಂದಿನ ಪರೀಕ್ಷೆಗೆ ಬರುವ ಬಗೆಯೇ ಬೇರೆ. ಆಮೇಲೆ ಜಿಗಿತ. ದಮ್ಮಿನ ಓಟ ಯಾವಾಗಲೂ ಕೊನೆಗೆ.

20 ಮೀಟರ್ ಶಟಲ್ ಓಟ ನಡೆಯುವುದು ಹೇಗೆ?

‘ಬೀಪ್ ಟೆಸ್ಟ್’ ಎಂದು ಎಲ್ಲರೂ ಕರೆಯುವುದು ಇದನ್ನೇ. 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಧ್ವನಿಮುದ್ರಿಕೆಯ ಬೀಪ್‌ಗೆ ಸರಿಯಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ ಓಡಬೇಕು. ಆರಂಭದ ವೇಗ ಗಂಟೆಗೆ 8.5 ಕಿ.ಮೀ. ಅಂದರೆ ಒಂದು ಸುತ್ತಿಗೆ (ಒಂದು ಗೆರೆಯಿಂದ ಇನ್ನೊಂದಕ್ಕೆ) ಸುಮಾರು 8.5 ಸೆಕೆಂಡು. ಪ್ರತಿ ನಿಮಿಷಕ್ಕೂ ವೇಗ ಗಂಟೆಗೆ 0.5 ಕಿ.ಮೀ. ಏರುತ್ತದೆ, ಹೀಗೆ ಒಂದೊಂದು ನಿಮಿಷವೂ ಒಂದು ಹಂತ. ಸತತ ಎರಡು ಸಲ ಬೀಪ್‌ಗೆ ಮುಂಚೆ ಗೆರೆ ಮುಟ್ಟಲಾಗದಿದ್ದರೆ ಅಥವಾ ಮಗು ತಾನೇ ನಿಂತರೆ ಪರೀಕ್ಷೆ ಮುಗಿಯಿತು. ಕೆನಡಾದ ಲೂಕ್ ಲೆಜೆ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಇದು. ಅಮೆರಿಕದ ಶಾಲೆಗಳಲ್ಲಿ ಇದರದೇ ಒಂದು ರೂಪ ‘ಪೇಸರ್’ ಹೆಸರಿನಲ್ಲಿದೆ. ಜಾಗ ಸಾಲದ ಶಾಲೆಗಳಿಗೆ ಅದರಲ್ಲಿ 15 ಮೀಟರಿನ ಆವೃತ್ತಿಯೂ ಉಂಟು.

ಓಡದ ಮಕ್ಕಳಿಗೆ ಇದರ ದೊಡ್ಡ ಅನುಕೂಲ ಆರಂಭದ ನಿಧಾನ. 600 ಮೀಟರ್ ಅಥವಾ ಒಂದು ಮೈಲಿ ಓಟದಲ್ಲಿ ಅನುಭವವಿಲ್ಲದ ಮಗು ಸೀಟಿ ಊದಿದ ಕೂಡಲೇ ಜೀವ ಬಿಟ್ಟು ಓಡಿ, ಮೊದಲ ತಿರುವಿನಲ್ಲೇ ಸುಸ್ತಾಗುತ್ತದೆ. ಅಲ್ಲಿ ವೇಗ ಹಂಚಿಕೊಳ್ಳುವ ಜಾಣ್ಮೆಯೂ ದಮ್ಮಿನ ಜೊತೆ ಸೇರಿ ಅಳತೆಯಾಗುತ್ತದೆ. ಇಲ್ಲಿ ಆ ಕೆಲಸವನ್ನು ಬೀಪ್ ನೋಡಿಕೊಳ್ಳುತ್ತದೆ.

ಒಂದು ಕೊರತೆಯೂ ಇದೆ. ನಿಧಾನವಾಗಿ ಓಡುವವರು ಮೊದಲು ನಿಲ್ಲುತ್ತಾರೆ, ಉಳಿದವರೆಲ್ಲ ಓಡುತ್ತಿರುವಾಗ ಅವರು ಬದಿಯಲ್ಲಿ ನಿಂತು ನೋಡಬೇಕು. ಇದಕ್ಕೊಂದು ಸುಲಭ ಉಪಾಯ: ಮಕ್ಕಳನ್ನು ಜೋಡಿ ಮಾಡಿ, ಅರ್ಧದಷ್ಟು ಜನ ಓಡಲಿ, ಉಳಿದರ್ಧ ತಮ್ಮ ಜೋಡಿಯ ಸುತ್ತು ಎಣಿಸಲಿ. ಓಟ ನಿಲ್ಲಿಸಿದ ಮಗು ಜೋಡಿಯ ಪಕ್ಕ ಹೋಗಿ ತನ್ನ ಲೆಕ್ಕ ಬರೆಯುತ್ತದೆ. ಎಲ್ಲರ ಕಣ್ಣು ಅದರ ಮೇಲೆ ಬೀಳುವುದು ತಪ್ಪುತ್ತದೆ.

ನಮ್ಮ ಮಗು ಒಂದೇ ನಿಮಿಷಕ್ಕೆ ನಿಂತುಬಿಟ್ಟಿತು. ಹೃದಯ ಅಷ್ಟು ದುರ್ಬಲವೇ?

ಬಹುತೇಕ ಹಾಗಿರುವುದಿಲ್ಲ. ಓಡಿ ಅಭ್ಯಾಸವಿಲ್ಲದ ಮಗುವಿಗೆ ಏದುಸಿರು ಬಂದಾಗ ಅದು ಮಾಮೂಲಿಯೋ ಅಪಾಯವೋ ತಿಳಿಯುವುದಿಲ್ಲ. ಎದೆ ಹೊಡೆದುಕೊಳ್ಳತೊಡಗಿದ ಕೂಡಲೇ ಹೆದರಿ ನಿಲ್ಲುತ್ತದೆ. ಇಲ್ಲವೇ ಗೆಳೆಯರೆದುರು ಸೋಲುವುದಕ್ಕಿಂತ ‘ನನಗೆ ಬೇಕಾಗಿಲ್ಲ’ ಎಂದು ನಿಲ್ಲುವುದೇ ಮರ್ಯಾದೆ ಎನ್ನಿಸುತ್ತದೆ. ಇಂಥ ಮೊದಲ ಅಂಕಿಯಲ್ಲಿ ಅಂಜಿಕೆ, ನಾಚಿಕೆ, ಅಭ್ಯಾಸದ ಕೊರತೆ ಮೂರೂ ಕಲಸಿಕೊಂಡಿರುತ್ತವೆ.

ದಾಖಲಿಸುವ ಓಟಕ್ಕೆ ಕೆಲವು ದಿನ ಮುಂಚೆ ಲೆಕ್ಕವಿಲ್ಲದ ಅಭ್ಯಾಸ ಓಟ ಒಂದೆರಡು ಸಲ ಆಗಲಿ. ಬೀಪ್‌ನ ಲಯ, ಗೆರೆಯ ಬಳಿ ತಿರುಗುವ ಬಗೆ ಎರಡೂ ರೂಢಿಯಾಗಬೇಕು. ಎರಡನೆಯ ಸಲದ ಅಂಕಿ ಮೊದಲನೆಯದಕ್ಕಿಂತ ಮೇಲಿದ್ದರೆ ಅದನ್ನು ಪ್ರಗತಿ ಎಂದು ವರದಿ ಬರೆಯಬೇಡಿ. ಆಗಿರುವುದು ಪರೀಕ್ಷೆಯ ಪರಿಚಯ, ಅಷ್ಟೇ.

ಅಭ್ಯಾಸದ ನಂತರವೂ ಮೊದಲ ಹಂತ ದಾಟದ ಮಕ್ಕಳು ಇರುತ್ತಾರೆ. ಅವರಿಗೆ ಇನ್ನೂ ಕಡಿಮೆ ವೇಗದಿಂದ ಶುರುವಾಗುವ ಓಟ ಬೇಕು. ಶಾಲೆಗೆ ಮುಂಚಿನ ವಯಸ್ಸಿನವರಿಗಾಗಿ ಗಂಟೆಗೆ 6.5 ಕಿ.ಮೀ. ವೇಗದಿಂದ ಆರಂಭವಾಗುವ ರೂಪವೊಂದಿದೆ. ಮೈತೂಕ ತೀರಾ ಹೆಚ್ಚಿರುವವರಿಗೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ನೋಡುವುದೂ ಒಪ್ಪಿತ ವಿಧಾನವೇ. ಯಾವ ರೂಪ ಬಳಸಿದಿರಿ ಎಂದು ಬರೆದಿಡಿ. ಒಂದರ ಫಲಿತಾಂಶವನ್ನು ಇನ್ನೊಂದರ ಪಟ್ಟಿಗೆ ಹೋಲಿಸುವಂತಿಲ್ಲ.

ವಿಒ2 ಮ್ಯಾಕ್ಸ್ ಎಂದು ಒಂದು ಅಂಕಿ ಕೊಡುತ್ತಾರೆ. ಅದು ಏನು?

ಗರಿಷ್ಠ ಶ್ರಮದಲ್ಲಿ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಆಮ್ಲಜನಕ ಬಳಸುತ್ತದೆ ಎಂಬ ಲೆಕ್ಕ. ನಿಜವಾದ ಅಳತೆ ಪ್ರಯೋಗಾಲಯದಲ್ಲಿ, ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಮಾತ್ರ ಸಿಗುತ್ತದೆ. ಶಾಲೆಯಲ್ಲಿ ಸಿಗುವುದು ಅಂದಾಜು. ಲೆಜೆಯವರ ಸೂತ್ರ ಹೀಗಿದೆ (‘ವೇಗ’ ಎಂದರೆ ಮಗು ಮುಟ್ಟಿದ ಕೊನೆಯ ಹಂತದ ವೇಗ):

31.025 + (3.238 × ವೇಗ) − (3.248 × ವಯಸ್ಸು) + (0.1536 × ವೇಗ × ವಯಸ್ಸು)

ಹತ್ತು ವರ್ಷದ ಮಗು ಮೊದಲ ಹಂತದಲ್ಲೇ, ಅಂದರೆ 8.5ರ ವೇಗದಲ್ಲಿ ನಿಂತಿತು ಎನ್ನಿ. ಲೆಕ್ಕ ಹಾಕಿದರೆ ಸುಮಾರು 39.1 ಬರುತ್ತದೆ. ಅದೇ ಹಂತದಲ್ಲಿ ನಿಂತ ಹದಿನಾಲ್ಕರ ಮಗುವಿಗೆ 31.4. ಓಟ ಒಂದೇ, ವಯಸ್ಸು ಬೇರೆ, ಅಂಕಿಯೂ ಬೇರೆ. ಅಷ್ಟೇ ಅಲ್ಲ, ಹತ್ತು ವರ್ಷದ ಮಗು ಹೆಚ್ಚುಕಡಿಮೆ ಏನೂ ಓಡದೆಯೇ 39 ಪಡೆಯಿತು. ಸೂತ್ರಕ್ಕೆ ಅದಕ್ಕಿಂತ ಕೆಳಗೆ ಇಳಿಯಲು ದಾರಿಯೇ ಇಲ್ಲ. ತೀರಾ ಕಡಿಮೆ ಓಡುವ ಚಿಕ್ಕ ಮಕ್ಕಳ ವಿಷಯದಲ್ಲಿ ಈ ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ ಎಂದು ನಾನು ಹೇಳುವುದು ಇದಕ್ಕೇ. ವರದಿಯಲ್ಲಿ ‘ಇಷ್ಟು ಸುತ್ತು ಓಡಿತು’ ಎಂದು ಬರೆದರೆ ಮಗುವಿಗೂ ಅರ್ಥವಾಗುತ್ತದೆ, ಮುಂದಿನ ಸಲ ಹೋಲಿಸಲೂ ಬರುತ್ತದೆ.

ಹಾಗಾದರೆ ‘ಇಷ್ಟಿದ್ದರೆ ಸಾಕು’ ಎನ್ನುವ ಮಟ್ಟ ಯಾವುದು?

ಎರಡು ಬಗೆಯ ಹೋಲಿಕೆಗಳಿವೆ. ಒಂದು, ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ. 50 ದೇಶಗಳ, 9ರಿಂದ 17 ವರ್ಷದ 11 ಲಕ್ಷಕ್ಕೂ ಹೆಚ್ಚು ಮಕ್ಕಳ ಶಟಲ್ ಓಟದ ಫಲಿತಾಂಶಗಳಿಂದ ಸಿದ್ಧವಾದ ಶತಮಾನಕ ಪಟ್ಟಿ (ನೂರು ಮಕ್ಕಳಲ್ಲಿ ಎಷ್ಟು ಮಂದಿಗಿಂತ ಮುಂದಿದೆ ಎಂದು ತೋರಿಸುವುದು) 2017ರಲ್ಲಿ ಪ್ರಕಟವಾಗಿದೆ. ಇನ್ನೊಂದು, ಆರೋಗ್ಯದ ಗೆರೆಯ ಜೊತೆ. 8ರಿಂದ 19 ವರ್ಷದವರ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ವಿಒ2 ಮ್ಯಾಕ್ಸ್ ಹುಡುಗರಲ್ಲಿ ಸುಮಾರು 42, ಹುಡುಗಿಯರಲ್ಲಿ ಸುಮಾರು 35 ಮಿ.ಲೀ.ಗಿಂತ ಕೆಳಗಿದ್ದರೆ ಎಚ್ಚರ ವಹಿಸಬೇಕು ಎಂದಿತು.

ಓಡದ ಮಕ್ಕಳಿಗೆ ಎರಡನೆಯದೇ ಒಳ್ಳೆಯದು. ಸರಾಸರಿಯ ಜೊತೆ ಹೋಲಿಸುವುದರಲ್ಲಿ ಒಂದು ಮೋಸವಿದೆ, ಸರಾಸರಿಯೇ ಕುಸಿಯುತ್ತಿರಬಹುದು. 19 ದೇಶಗಳ ಮಾಹಿತಿಯ ಪ್ರಕಾರ 1981ರಿಂದ 2014ರ ನಡುವೆ ಮಕ್ಕಳ ದಮ್ಮಿನ ಕ್ಷಮತೆ ಶೇ. 7.3ರಷ್ಟು ಇಳಿದಿತ್ತು. ಎಲ್ಲರೂ ಇಳಿದ ಮೇಲೆ ‘ನೀನು ಎಲ್ಲರಂತೆಯೇ ಇದ್ದೀಯ’ ಎನ್ನುವುದರಲ್ಲಿ ಸಮಾಧಾನಪಡಲು ಏನಿದೆ?

ಜಿಗಿತ, ಹಿಡಿತದ ಬಲ ಅಳೆಯುವಾಗ ಎಲ್ಲಿ ತಪ್ಪಾಗುತ್ತದೆ?

ಜಿಗಿತದಲ್ಲಿ ಗೆರೆಯಿಂದ ಹಿಂದಿನ ಹಿಮ್ಮಡಿಯವರೆಗೆ ಅಳೆಯಬೇಕು, ಕಾಲ್ಬೆರಳಿನವರೆಗೆ ಅಲ್ಲ. ಎರಡೂ ಕಾಲು ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯಬೇಕು, ಕೈ ಬೀಸಲು ಅಡ್ಡಿಯಿಲ್ಲ. ಎರಡು ಅವಕಾಶ ಕೊಟ್ಟು ಹೆಚ್ಚಿನದನ್ನು ಬರೆದುಕೊಳ್ಳಿ. ನೆಲ ಜಾರದಿರಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ನೆಲ ನಿಜಕ್ಕೂ ಡೊಂಕಾಗಿದ್ದರೆ, ಕಳೆದ ಸಲ ಮಣ್ಣಿನ ಮೇಲೆ ಈ ಸಲ ಸಿಮೆಂಟಿನ ಮೇಲೆ ಜಿಗಿಸಿದ್ದರೆ ಅಂಕಿ ಬದಲಾಗಿಯೇ ಆಗುತ್ತದೆ.

ಹಿಡಿತದ ಬಲಕ್ಕೆ ಡೈನಮೋಮೀಟರ್ (ಅಮುಕಿದ ಬಲವನ್ನು ತೋರಿಸುವ ಸಾಧನ) ಬೇಕು. ಅದರ ಹಿಡಿಯ ಅಂತರವನ್ನು ಮಗುವಿನ ಅಂಗೈ ಗಾತ್ರಕ್ಕೆ ಹೊಂದಿಸದೆ ಅಳೆಯುವುದೇ ಸಾಮಾನ್ಯ ತಪ್ಪು. ನಿಂತುಕೊಂಡು, ಮೊಣಕೈ ನೆಟ್ಟಗೆ, ಕೈ ಮೈಗೆ ತಾಗದಂತೆ ಹಿಡಿದು ಕೆಲವು ಸೆಕೆಂಡು ಅಮುಕಲಿ. ಎರಡೂ ಕೈಗೆ ಎರಡೆರಡು ಸಲ.

ಪುಷ್-ಅಪ್, ಸಿಟ್-ಅಪ್, ಕೂತು ಮುಂದೆ ಬಾಗುವ ಪರೀಕ್ಷೆ ಬೇಡವೇ?

ಬೇಕೇ ಬೇಕು ಎಂದೇನಿಲ್ಲ. ಒಂದೂ ಪುಷ್-ಅಪ್ ಮಾಡಲಾಗದ ಮಕ್ಕಳು ಅನೇಕರಿರುತ್ತಾರೆ. ಅವರೆಲ್ಲರಿಗೂ ಸೊನ್ನೆ ಬರೆದರೆ ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಬಾಗುವ ಪರೀಕ್ಷೆಗೂ ಮಕ್ಕಳ ಮುಂದಿನ ಆರೋಗ್ಯಕ್ಕೂ ಇರುವ ನಂಟಿಗೆ ಪುರಾವೆ ತೆಳು.

ಬಿಎಂಐ ನೋಡಿದರೆ ಸಾಲದೇ?

ಸಾಲದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ದೇಹದ ಗಾತ್ರ ಹೇಳುತ್ತದೆ, ಕ್ಷಮತೆಯನ್ನಲ್ಲ. ತೆಳ್ಳಗಿನ ಮಗುವಿನ ದಮ್ಮು ತೀರಾ ಕಡಿಮೆ ಇರಬಹುದು. ಅಂಥವರನ್ನು ಯಾರೂ ಗಮನಿಸುವುದಿಲ್ಲ ಎಂಬುದೇ ಸಮಸ್ಯೆ. ಮಕ್ಕಳ ಬಿಎಂಐಗೆ ದೊಡ್ಡವರ 25, 30ರ ಗೆರೆಗಳನ್ನು ಬಳಸುವಂತಿಲ್ಲ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ ನೋಡಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬುದು ನೆನಪಿಡಲು ಸುಲಭವಾದ ಇನ್ನೊಂದು ಸೂಚಕ.

ತೂಕವನ್ನು ಪರದೆಯ ಹಿಂದೆ ಅಳೆಯಿರಿ, ಗಟ್ಟಿಯಾಗಿ ಓದಿ ಹೇಳಬೇಡಿ.

ಮಗುವಿನ ಸ್ಮಾರ್ಟ್‌ವಾಚ್ ನಾಡಿ ಬಡಿತ 198 ತೋರಿಸಿತು. ಗಾಬರಿಯಾಗಬೇಕೇ?

ಜೋರಾಗಿ ಓಡಿದ ಮಗುವಿನಲ್ಲಿ ನಿಮಿಷಕ್ಕೆ 195ರಿಂದ 205ರವರೆಗೆ ಏರುವುದು ಮಾಮೂಲಿ. ‘220ರಿಂದ ವಯಸ್ಸು ಕಳೆಯಿರಿ’ ಎಂಬ ದೊಡ್ಡವರ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಬಾಲ್ಯದಲ್ಲಿ ಗರಿಷ್ಠ ಬಡಿತ ವಯಸ್ಸಿನ ಜೊತೆ ಹೆಚ್ಚು ಬದಲಾಗುವುದಿಲ್ಲ. ಆದರೆ ವಿಶ್ರಾಂತಿಯಲ್ಲಿ ಕೂತಿದ್ದಾಗಲೇ ಬಡಿತ ಹಾರುತ್ತಿದ್ದರೆ, ತಾಳ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪರೀಕ್ಷೆಗೆ ಮುಂಚೆ ಏನು ವಿಚಾರಿಸಬೇಕು? ಯಾವಾಗ ನಿಲ್ಲಿಸಬೇಕು?

ಪೋಷಕರಿಗೆ ಒಂದು ಚೀಟಿ ಕಳಿಸಿ ಕೇಳಿ: ಓಡುವಾಗ ಎಂದಾದರೂ ಎಚ್ಚರ ತಪ್ಪಿ ಬಿದ್ದಿದೆಯೇ, ಎದೆನೋವು ಬಂದಿದೆಯೇ? ಕುಟುಂಬದಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಹೃದಯದ ತೊಂದರೆ, ಅಸ್ತಮಾ, ಮೂರ್ಛೆರೋಗ, ಸಕ್ಕರೆ ಕಾಯಿಲೆ ಇದೆಯೇ? ಇತ್ತೀಚೆಗೆ ಜ್ವರ ಬಂದಿತ್ತೇ? ಎಚ್ಚರ ತಪ್ಪುವುದು, ಎದೆನೋವು, ಕುಟುಂಬದಲ್ಲಿ ಹಠಾತ್ ಸಾವು ಈ ಮೂರರಲ್ಲಿ ಒಂದಕ್ಕೆ ‘ಹೌದು’ ಎಂದರೂ ವೈದ್ಯರು ನೋಡುವವರೆಗೆ ಓಡಿಸಬೇಡಿ. ಅಸ್ತಮಾ ಇರುವ ಮಗು ಇನ್‌ಹೇಲರ್ ಜೊತೆಗಿಟ್ಟುಕೊಂಡು ಓಡಬಹುದು, ಆದರೆ ವೈದ್ಯರ ಒಪ್ಪಿಗೆ ಇರಲಿ.

ಓಡುವಾಗ ಎದೆನೋವು, ತಲೆಸುತ್ತು, ಸುಯ್ಯೆನ್ನುವ ಉಸಿರು, ಮುಖ ಬಿಳಿಚಿಕೊಳ್ಳುವುದು ಕಂಡರೆ ತಕ್ಷಣ ನಿಲ್ಲಿಸಿ. ಶ್ರಮದಿಂದ ಬರುವ ಶ್ವಾಸನಾಳದ ಬಿಗಿತ ಓಟ ನಿಂತ ಕೆಲವು ನಿಮಿಷಗಳ ನಂತರ ಜೋರಾಗುವುದುಂಟು. ಹಾಗಾಗಿ ಓಟ ಮುಗಿದ ಕೂಡಲೇ ಮಕ್ಕಳನ್ನು ಕಣ್ಮರೆಯಾಗಲು ಬಿಡಬೇಡಿ. ಓಡಿದರೆ ಯಾವಾಗಲೂ ಕೆಮ್ಮುವ, ಅದಕ್ಕೇ ಓಟ ತಪ್ಪಿಸಿಕೊಳ್ಳುವ ಮಗುವಿಗೆ ಇನ್ನೂ ಪತ್ತೆಯಾಗದ ಅಸ್ತಮಾ ಇರಬಹುದು. ರಕ್ತಹೀನತೆಯೂ ಹೀಗೆಯೇ, ಬೇಗ ಸುಸ್ತಾಗುವುದನ್ನು ನಾವು ಆಲಸ್ಯ ಎಂದುಕೊಳ್ಳುತ್ತೇವೆ.

ಉರಿಬಿಸಿಲಿನಲ್ಲಿ, ಊಟವಾದ ತಕ್ಷಣ ಬೇಡ.

ಒಂದೇ ತರಗತಿಯ ಮಕ್ಕಳಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಹುಟ್ಟಿದ ವರ್ಷ ಒಂದೇ ಆದರೂ ಬೆಳವಣಿಗೆಯ ಗಡಿಯಾರ ಒಬ್ಬೊಬ್ಬರದು ಒಂದೊಂದು. ಎತ್ತರ ಅತಿ ವೇಗವಾಗಿ ಏರುವ ಕಾಲ ಹುಡುಗಿಯರಿಗೆ ಸುಮಾರು 12ರ ಹೊತ್ತಿಗೆ, ಹುಡುಗರಿಗೆ ಸುಮಾರು 14ರ ಹೊತ್ತಿಗೆ ಬರುತ್ತದೆ, ಅದರಲ್ಲೂ ಒಂದೆರಡು ವರ್ಷ ಹಿಂದುಮುಂದಾಗುತ್ತದೆ. ಹದಿಮೂರರಲ್ಲೇ ಮೀಸೆ ಚಿಗುರಿದ ಹುಡುಗನ ಹಿಡಿತವನ್ನು ಇನ್ನೂ ಬಾಲಕನಂತಿರುವ ಸಹಪಾಠಿಯ ಹಿಡಿತಕ್ಕೆ ಹೋಲಿಸಿ ಕಲಿಯುವುದೇನೂ ಇಲ್ಲ. ಹೋಲಿಸುವುದಿದ್ದರೆ ಮಗುವನ್ನು ಅದರ ಹಿಂದಿನ ಅಂಕಿಗೇ ಹೋಲಿಸಿ. ಅಲ್ಲೂ ಒಂದು ಎಚ್ಚರಿಕೆ: ವರ್ಷದ ಅಂತರದಲ್ಲಿ ಜಿಗಿತ ಹೆಚ್ಚಿದ್ದರೆ ಅದು ಬರೀ ಎತ್ತರ ಬೆಳೆದದ್ದರಿಂದಲೂ ಆಗಿರಬಹುದು.

ಫಲಿತಾಂಶಕ್ಕೆ ಅಂಕ, ಗ್ರೇಡ್, ಪ್ರಶಸ್ತಿ ಕೊಡಬಹುದೇ?

ಕೊಡಬೇಡಿ. ಅಮೆರಿಕದ ಅನುಭವವನ್ನೇ ನೋಡಿ. 1950ರ ದಶಕದ, ಸ್ನಾಯುಬಲ ಮತ್ತು ಬಾಗುವಿಕೆ ನೋಡುವ ಕ್ರೌಸ್-ವೆಬರ್ ಪರೀಕ್ಷೆಯಲ್ಲಿ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದರು, ಯುರೋಪಿನಲ್ಲಿ ಹತ್ತಕ್ಕೊಬ್ಬರೂ ಆಗಲಿಲ್ಲ. ಗಾಬರಿಯಾದ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವಜನರ ಕ್ಷಮತೆಗಾಗಿ ಮಂಡಳಿಯನ್ನೇ ಸ್ಥಾಪಿಸಿದರು. 1966ರಿಂದ ಎಲ್ಲ ಪರೀಕ್ಷೆಗಳಲ್ಲೂ 85ನೇ ಶತಮಾನಕ ದಾಟಿದವರಿಗೆ ಅಧ್ಯಕ್ಷರ ಪ್ರಶಸ್ತಿ ಸಿಗತೊಡಗಿತು. ಪ್ರಶಸ್ತಿ ಯಾರಿಗೆ ಎಂಬುದು ಮೊದಲೇ ಗೊತ್ತಿದ್ದ ಸ್ಪರ್ಧೆ ಅದು. ಓಡದ ಮಗುವಿಗೆ ಅದರಲ್ಲಿ ಏನೂ ಇರಲಿಲ್ಲ. 2012-13ರ ಹೊತ್ತಿಗೆ ಆ ಪದ್ಧತಿ ಕೈಬಿಟ್ಟು, ಆರೋಗ್ಯಕ್ಕೆ ಸಾಕಾಗುವ ಮಟ್ಟವನ್ನಷ್ಟೇ ನೋಡುವ ಫಿಟ್‌ನೆಸ್‌ಗ್ರಾಮ್ ಕಡೆಗೆ ಹೊರಳಿದರು. 2025ರಲ್ಲಿ ಹಳೆಯ ಪರೀಕ್ಷೆಯನ್ನು ಮರಳಿ ತರುವ ಆದೇಶ ಹೊರಬಿದ್ದಿದೆ, ವಾದ ಮುಗಿದಿಲ್ಲ.

ಎಷ್ಟು ದಿನಕ್ಕೊಮ್ಮೆ ಮರುಪರೀಕ್ಷೆ? ಎಷ್ಟು ಸುಧಾರಣೆ ನಿರೀಕ್ಷಿಸಬಹುದು?

ನಿಯಮಿತ ಚಟುವಟಿಕೆ ಶುರುವಾದ ಮೇಲೆ 8ರಿಂದ 12 ವಾರ ಬಿಟ್ಟು ಒಮ್ಮೆ, ಆಮೇಲೆ ವರ್ಷಕ್ಕೆ ಎರಡು ಸಲ ಸಾಕು. ಮಕ್ಕಳಲ್ಲಿ ತರಬೇತಿಯಿಂದ ವಿಒ2 ಮ್ಯಾಕ್ಸ್ ಏರುವುದು ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಮಾತ್ರ. ಸುತ್ತುಗಳ ಲೆಕ್ಕದಲ್ಲಿ ಬದಲಾವಣೆ ಅದಕ್ಕಿಂತ ದೊಡ್ಡದಾಗಿ ಕಾಣಬಹುದು, ಏಕೆಂದರೆ ಧೈರ್ಯವೂ ಓಡುವ ಶೈಲಿಯೂ ಸುಧಾರಿಸಿರುತ್ತವೆ. ಒಂದೆರಡು ಸುತ್ತಿನ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಅದೇ ಮಗು ಮರುದಿನ ಓಡಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಫಲಿತಾಂಶ ಕಡಿಮೆ ಬಂದಿದೆ. ಮುಂದೆ ಏನು?

ಮಗುವಿನ ಜೊತೆ ಪ್ರತ್ಯೇಕವಾಗಿ ಕೂತು ಅದಕ್ಕೆ ಯಾವುದು ಇಷ್ಟ ಎಂದು ಕೇಳಿ. ಕುಣಿತ, ಸೈಕಲ್, ಈಜು, ಹಗ್ಗದಾಟ, ಮುಟ್ಟಾಟ, ಯಾವುದಾದರೂ ಆಗಬಹುದು. ಈಗ ದಿನಕ್ಕೆ ಹತ್ತು ನಿಮಿಷವೂ ಓಡಾಡದವರಿಗೆ 60ರ ಗುರಿ ಕೊಟ್ಟರೆ ಮೂರನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಹದಿನೈದಕ್ಕೆ ಏರಿಸಿ, ಅಲ್ಲಿ ನೆಲೆ ನಿಂತ ಮೇಲೆ ಮುಂದಕ್ಕೆ. ಬಲಕ್ಕೆ ವಾರದಲ್ಲಿ ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಮೆಟ್ಟಿಲು ಹತ್ತುವುದು ಇಷ್ಟಿದ್ದರೂ ಆರಂಭಕ್ಕೆ ಸಾಕು. ಓಟವನ್ನು ಶಿಕ್ಷೆಯಾಗಿ ಕೊಡುವ ಅಭ್ಯಾಸ ಶಾಲೆಯಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ. ತಡವಾಗಿ ಬಂದದ್ದಕ್ಕೆ ಮೈದಾನ ಸುತ್ತಿಸಿದ ಮಗುವಿಗೆ ಓಟ ಇಷ್ಟವಾಗಲಿ ಎಂದು ಬಯಸುವುದು ಹೇಗೆ?

ಮಗು ‘ನಾನು ಓಡಲ್ಲ’ ಎಂದು ಕೂತರೆ?

ಬಲವಂತ ಬೇಡ. ಅಂದಿನ ಮಟ್ಟಿಗೆ ಹಿಡಿತದ ಬಲವನ್ನಷ್ಟೇ ಅಳೆದು, ಓಟದ ಜಾಗದಲ್ಲಿ ‘ಭಾಗವಹಿಸಲಿಲ್ಲ’ ಎಂದು ಬರೆಯಿರಿ. ಸೊನ್ನೆ ಬರೆಯಬೇಡಿ. ಇನ್ನೊಂದು ದಿನ, ಮೈದಾನದಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಅದರ ನೆಚ್ಚಿನ ಗೆಳೆಯನನ್ನೋ ಗೆಳತಿಯನ್ನೋ ಜೊತೆಗೆ ಓಡಲು ಕರೆಯಿರಿ.

ದಾಖಲೆಯಲ್ಲಿ ಏನೇನು ಇರಬೇಕು? ಯಾರು ನೋಡಬಹುದು?

ದಿನಾಂಕ, ಹೊತ್ತು, ನೆಲ ಎಂಥದ್ದು, ಬಿಸಿಲಿತ್ತೇ, ಬರಿಗಾಲೋ ಶೂ ಹಾಕಿತ್ತೋ, ಪರೀಕ್ಷೆಯ ಯಾವ ರೂಪ, ಅಳೆದವರು ಯಾರು, ಅಂಕಿ ಎಷ್ಟು. ಮುಂದಿನ ಸಲ ಆದಷ್ಟು ಅದೇ ಹೊತ್ತಿಗೆ, ಅದೇ ನೆಲದ ಮೇಲೆ, ಅದೇ ವ್ಯಕ್ತಿ ಅಳೆಯಲಿ. ಈ ಹಾಳೆಯನ್ನು ಮಗು, ಪೋಷಕರು ಮತ್ತು ದೈಹಿಕ ಶಿಕ್ಷಕರಷ್ಟೇ ನೋಡಬೇಕು. ಸೂಚನಾ ಫಲಕಕ್ಕೆ ಅಂಟಿಸುವಂತಿಲ್ಲ, ಪೋಷಕರ ವಾಟ್ಸಾಪ್ ಗುಂಪಿಗೂ ಹಾಕುವಂತಿಲ್ಲ.